ಎಸಿಎಲ್ ಆಪರೇಷನ್ ಆದ ಮೇಲೆ ಮಂಡಿಗೆ ನೀವೇ ಅಂಕ ಹಾಕಿ

ಹಾಕಿ ಆಡುವಾಗ ಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿದುಕೊಂಡವರನ್ನು ಕೊಡಗಿನಲ್ಲಿ ದೂರ ಹೋಗಿ ಹುಡುಕಬೇಕಾಗಿಲ್ಲ. ಆಪರೇಷನ್ ಆದ ಮೇಲೆ ಡಾಕ್ಟರ್ ಕಾಲು ಎಳೆದು ನೋಡಿ "ಗಟ್ಟಿ ಇದೆ" ಅನ್ನುತ್ತಾರೆ. ಒದ್ದೆ ಎಲೆ ಬಿದ್ದಿರುವ ತೋಟದ ಇಳಿಜಾರಿನಲ್ಲಿ ಆ ಕಾಲನ್ನು ಮುಂದಿಡಲು ಧೈರ್ಯ ಬರುತ್ತದಾ ಅನ್ನೋದು ನಿಮಗೆ ಮಾತ್ರ ಗೊತ್ತು, ಅಲ್ವಾ?

ಅದಕ್ಕೇ ಕೂಸ್ (KOOS) ಅನ್ನೋ, ಮಂಡಿಯ ಬಗ್ಗೆ ನೀವೇ ತುಂಬುವ ಪ್ರಶ್ನಾವಳಿ ಇದೆ. 1998ರಲ್ಲಿ ಪ್ರಕಟವಾದದ್ದು, ಒಟ್ಟು 42 ಪ್ರಶ್ನೆ. ನೋವು, ಊತ-ಬಿಗಿತದಂಥ ಲಕ್ಷಣ, ದಿನದ ಕೆಲಸ, ಆಟ, ಜೀವನದ ಗುಣಮಟ್ಟ, ಹೀಗೆ ಐದು ಭಾಗ. ಒಂದೊಂದಕ್ಕೂ ಬೇರೆ ಅಂಕ. 100 ಬಂದರೆ ತೊಂದರೆಯೇ ಇಲ್ಲ ಅಂತ.

ಮೊದಲು ಕೊನೆಯ ಭಾಗ ಹಿಡಿಯಿರಿ. ನಾಲ್ಕೇ ಪ್ರಶ್ನೆ: ಮಂಡಿಯ ತೊಂದರೆ ಎಷ್ಟು ಸಲ ನೆನಪಾಗುತ್ತದೆ, ಮಂಡಿಗೆ ಪೆಟ್ಟಾಗದಿರಲಿ ಅಂತ ಬದುಕಿನ ರೀತಿ ಎಷ್ಟು ಬದಲಿಸಿದ್ದೀರಿ, ಮಂಡಿಯ ಮೇಲೆ ನಂಬಿಕೆ ಇಲ್ಲದೆ ಎಷ್ಟು ಕಾಟ, ಒಟ್ಟಾರೆ ಎಷ್ಟು ಕಷ್ಟ. ಪ್ರತಿಯೊಂದಕ್ಕೂ 0ಯಿಂದ 4; 0 ಅಂದರೆ ತೊಂದರೆ ಇಲ್ಲ, 4 ಅಂದರೆ ತೀರಾ ಜಾಸ್ತಿ. ಕೂಡಿಸಿ, 6.25ರಿಂದ ಗುಣಿಸಿ, 100ರಿಂದ ಕಳೆಯಿರಿ. 3, 2, 2, 1 ಅಂತ ಬರೆದಿದ್ದರೆ ಮೊತ್ತ 8, ಅಂಕ 50.

ಜನ ಎಡವುವುದು ಎರಡನೇ ಪ್ರಶ್ನೆಯಲ್ಲಿ. ಕರಿಮೆಣಸು ಕೊಯ್ಯಲು ಏಣಿ ಹತ್ತೋದು ಬಿಟ್ಟು ತಮ್ಮನನ್ನು ಹತ್ತಿಸಿರುತ್ತಾರೆ, ಇಳಿಜಾರಿನ ಕಡೆ ತಲೆ ಹಾಕಿರೋದಿಲ್ಲ, ಹಾಗಾಗಿ ನೋವೂ ಬಂದಿರೋದಿಲ್ಲ, ಸುಮ್ನೆ "ಏನೂ ಬದಲಾಗಿಲ್ಲ" ಅಂತ ಟಿಕ್ ಹಾಕಿಬಿಡುತ್ತಾರೆ. ಬಿಟ್ಟ ಕೆಲಸವೇ ಅಲ್ಲಿ ಉತ್ತರ! ಫಾರಂ ಪಕ್ಕದಲ್ಲಿ ಆ ವಾರ ಏನೇನು ಮಾಡಿದಿರಿ, ಏನು ಬಿಟ್ಟಿರಿ ಅಂತ ಎರಡು ಸಾಲು ಬರೆದಿಡಿ. ಇಲ್ಲದಿದ್ದರೆ ಮನೆಯಲ್ಲೇ ಕೂತ ಜುಲೈ ವಾರದ ಅಂಕ, ಕಾಫಿ ಕೊಯ್ಲಿನ ಜನವರಿ ವಾರಕ್ಕಿಂತ ಜಾಸ್ತಿ ಬಂದು ಮೋಸವಾಗುತ್ತದೆ.

ಸಾಧ್ಯವಾದರೆ ಆಪರೇಷನ್‌ಗೆ ಮುಂಚೆ ಒಂದು ಸಲ, ಆಮೇಲೆ 3, 6, 12 ತಿಂಗಳಿಗೆ ತುಂಬಿ. ಒಬ್ಬರೇ ಕೂತು ತುಂಬಿ, ಮನೆಯವರು ಪಕ್ಕದಲ್ಲಿದ್ದರೆ ಉತ್ತರ ಅವರದಾಗಿಬಿಡುತ್ತದೆ. ಒಂದು ಉತ್ತರ ಒಂದು ಮೆಟ್ಟಿಲು ಬದಲಾದರೂ ಅಂಕ 6.25 ಆಚೀಚೆ ಆಗುತ್ತದೆ, ಅಷ್ಟಕ್ಕೆಲ್ಲ ಕುಗ್ಗಬೇಡಿ. 8-10 ಅಂಕದ ಬದಲಾವಣೆ ಕಂಡರೆ ಫಿಸಿಯೋ ಹತ್ತಿರ ಮಾತಾಡಿ.

ಅಂಕ ಚೆನ್ನಾಗಿ ಬಂತು ಅಂತ ಏಪ್ರಿಲ್‌ನ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಸ್ಟಿಕ್ ಹಿಡಿದು ಹೊರಡಬೇಡಿ. ಕನಿಷ್ಠ 9 ತಿಂಗಳು ಕಳೆದಿರಬೇಕು, ತೊಡೆಯ ಬಲದ ಪರೀಕ್ಷೆ ಮತ್ತು ಒಂಟಿಕಾಲಿನ ಜಿಗಿತದ ಪರೀಕ್ಷೆಯೂ ಪಾಸಾಗಿರಬೇಕು. ನಡುವೆ ಮಂಡಿ ಕೈಕೊಟ್ಟರೆ ಫಾರಂ ಪಕ್ಕಕ್ಕಿಟ್ಟು ನೇರ ಡಾಕ್ಟರ್ ಹತ್ತಿರ ಹೋಗಿ.