ಕನ್ನಡ ಟೆಂಪ್ಲೇಟನ್ನು ಕಿವಿಗೂ ಕೀಲಿಮಣೆಗೂ ಒಗ್ಗಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ಕುಳಿತು ವೆಬ್‌ಸೈಟ್ ಟೆಂಪ್ಲೇಟ್‌ಗಳನ್ನು ತಯಾರಿಸುವುದು ನನ್ನ ವೃತ್ತಿ. ಪತ್ತಿನ ಸಹಕಾರ ಸಂಘಗಳು, ಶಾಲೆಗಳು, ಮಂಡಿಪೇಟೆಯ ವ್ಯಾಪಾರಿಗಳು, ಚಳ್ಳಕೆರೆಯ ಎಣ್ಣೆ ಗಿರಣಿಯವರು ನನ್ನ ಗ್ರಾಹಕರು. ಒಂದೇ ಟೆಂಪ್ಲೇಟು ಬಣ್ಣ, ಹೆಸರು, ಚಿತ್ರ ಬದಲಿಸಿಕೊಂಡು ಹಲವಾರು ಜಾಲತಾಣಗಳಾಗುವುದರಿಂದ ಅದರೊಳಗಿನ ಅಡಚಣೆಯೂ ಅಷ್ಟೇ ಕಡೆಗೆ ಹರಡುತ್ತದೆ. ಅಂಗವಿಕಲರಿಗೆ ಬೇಕಾದ ಅನುಕೂಲವನ್ನು ಒಂದೊಂದು ತಾಣದಲ್ಲಿ ಅಲ್ಲ, ಟೆಂಪ್ಲೇಟಿನಲ್ಲಿಯೇ ಕಲ್ಪಿಸಬೇಕೆಂದು ನಾನು ನಿರ್ಧರಿಸಿದ್ದು ಈ ಕಾರಣಕ್ಕೆ. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 ಎಂಬ, ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ‘ಎಎ’ ಎಂಬ ನಡುವಿನ ಮಟ್ಟವನ್ನು ಗುರಿಯಾಗಿಟ್ಟುಕೊಂಡೆ. ಕಣ್ಣು ಕಾಣದ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕರೊಬ್ಬರು ಸಂಭಾವನೆ ಪಡೆದು ಪ್ರತಿ ಪುಟವನ್ನೂ ಪರೀಕ್ಷಿಸಿಕೊಟ್ಟರು.

ಮೊದಲು ಕೈಹಾಕಿದ್ದು ಪುಟದ ಭಾಷೆಗೆ. ಮಾರುಕಟ್ಟೆಯಲ್ಲಿ ದೊರೆಯುವ ಟೆಂಪ್ಲೇಟ್‌ಗಳ ಎಚ್‌ಟಿಎಂಎಲ್ ಕೋಡಿನ ಆರಂಭದಲ್ಲಿ ಸಾಮಾನ್ಯವಾಗಿ ಭಾಷೆ ಇಂಗ್ಲಿಷ್ ಎಂದೇ ನಮೂದಾಗಿರುತ್ತದೆ. ಪುಟದಲ್ಲಿ ಪೂರ್ತಿ ಕನ್ನಡವಿದ್ದರೂ, ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಸ್ಕ್ರೀನ್ ರೀಡರ್’ ತಂತ್ರಾಂಶ ಆ ನಮೂದನ್ನು ನಂಬಿ ಇಂಗ್ಲಿಷ್ ಧ್ವನಿಯನ್ನು ಆರಿಸಿಕೊಂಡರೆ, ಕನ್ನಡ ಪಠ್ಯ ಅರ್ಥವಾಗುವಂತೆ ಕೇಳಿಸುವುದೇ ಇಲ್ಲ. ಭಾಷೆಯನ್ನು ಕನ್ನಡವೆಂದು ಬದಲಿಸಿ, ನಡುವೆ ಬರುವ ಇಂಗ್ಲಿಷ್ ಸಾಲುಗಳಿಗೆ ಪ್ರತ್ಯೇಕ ನಮೂದು ಕೊಟ್ಟ ಮೇಲೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಎರಡನ್ನೂ ಅದರದರ ಧ್ವನಿಯಲ್ಲಿ ಓದತೊಡಗಿತು. ಅಲ್ಲಿಗೂ ಮುಗಿಯಲಿಲ್ಲ. “ಸರ್, ಮೇಲ್ಗಡೆ ಬರೀ ಬಟನ್, ಬಟನ್ ಅಂತಿದೆ, ಯಾತರದ್ದು ಅಂತ ಗೊತ್ತಾಗ್ತಿಲ್ಲ” ಎಂದು ಆ ಯುವಕರು ಹೇಳಿದರು. ಮೂರು ಗೆರೆಯ ಮೆನು ಗುರುತಿಗೆ, ಹುಡುಕುವ ಗುರುತಿಗೆ ಹೆಸರೇ ಇರಲಿಲ್ಲ. ಹೆಸರಿದ್ದ ಕಡೆ ಅದು ಇಂಗ್ಲಿಷಿನಲ್ಲಿತ್ತು. ಕಣ್ಣಿಗೆ ಕಾಣದ ಈ ಹೆಸರುಗಳು ಅನುವಾದ ಮಾಡುವವರ ಕೈಗೆ ಸಿಗುವುದಿಲ್ಲವಾದ್ದರಿಂದ, ಅವುಗಳನ್ನೆಲ್ಲ ಒಂದೇ ಕಡತಕ್ಕೆ ತಂದು ಕನ್ನಡಕ್ಕೆ ಬದಲಿಸಿದೆ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಅಕ್ಷರಗಳೇ. ಗ್ರಾಹಕರು ಕೊಡುವ ಪ್ರಕಟಣೆಗಳು ಬಹುಪಾಲು ಡಿಟಿಪಿ ಕೇಂದ್ರಗಳಲ್ಲಿ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾಗಿರುತ್ತವೆ. ಆ ಫಾಂಟ್‌ಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಉಳಿಯುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ ಮಾತ್ರ. ಸ್ಕ್ರೀನ್ ರೀಡರ್ ಆ ಸಂಕೇತಗಳನ್ನೇ ಉಚ್ಚರಿಸುವುದರಿಂದ ಕೇಳುವವರಿಗೆ ಒಂದು ಪದವೂ ದಕ್ಕದು. ಆದ್ದರಿಂದ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆಗೆ, ಪರಿವರ್ತಿಸಿಯೇ ಹಾಕುವ ನಿಯಮ ಮಾಡಿಕೊಂಡೆ. ಪರಿವರ್ತಕದ ಕೆಲಸವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಟೈಪ್ ಮಾಡಿರುತ್ತಾರೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಕಾರ್ಯದರ್ಶಿ’, ‘ವಾರ್ಷಿಕ’ದಂತಹ ಪದಗಳನ್ನು ನಾನು ಧ್ವನಿಯಲ್ಲಿ ಕೇಳಿಸಿಕೊಂಡೇ ಒಪ್ಪುತ್ತೇನೆ. ಬ್ಯಾನರ್ ಚಿತ್ರದೊಳಗೆ ಅಚ್ಚಾಗಿದ್ದ ಬರಹವನ್ನು ಹೊರತೆಗೆದು, ಚಿತ್ರದ ಮೇಲೆ ನಿಜವಾದ ಪಠ್ಯವಾಗಿ ಕೂರಿಸಿದೆ.

ಮಂದದೃಷ್ಟಿಯವರು ಅಕ್ಷರವನ್ನು ಶೇ. 200ರಷ್ಟು ಹಿಗ್ಗಿಸಿದಾಗಲೂ ಪಠ್ಯ ಕತ್ತರಿಸಿಹೋಗಬಾರದೆಂಬುದು ಮಾರ್ಗಸೂಚಿಯ ನಿಯಮ. ಇಂಗ್ಲಿಷಿಗಾಗಿ ರಚಿಸಿದ ಬಟನ್ನುಗಳಲ್ಲಿ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿರುವುದರಿಂದ ‘ರಾಷ್ಟ್ರೀಯ’, ‘ಸ್ತ್ರೀಶಕ್ತಿ’ ಎಂಬಲ್ಲಿನ ಒತ್ತಕ್ಷರಗಳ ಕೆಳಭಾಗ ಮಾಯವಾಗುತ್ತಿತ್ತು. ನಿಗದಿತ ಎತ್ತರವನ್ನು ಎಲ್ಲೆಡೆ ಕಿತ್ತುಹಾಕಿ, ಸಾಲಿನ ಅಂತರವನ್ನು ಅಕ್ಷರ ಗಾತ್ರದ 1.7 ಪಟ್ಟಿಗೆ ಏರಿಸಿದೆ. ಬಣ್ಣದ ವಿಷಯದಲ್ಲಿ ಪಠ್ಯಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕು, ವಿನ್ಯಾಸಕಾರರಿಗೆ ಪ್ರಿಯವಾದ #999999 ಬೂದು ಬಣ್ಣ ಬಿಳಿಯ ಮೇಲೆ 2.85 ಮಾತ್ರ ಕೊಡುತ್ತದೆ, ಅದಕ್ಕಿಂತ ಗಾಢವಾದ #767676 ಆದರೆ 4.54ಕ್ಕೆ ತಲುಪುತ್ತದೆ. ಆ ಎರಡರ ನಡುವಿನ ಅಂತರ ಎಳೆಗಣ್ಣಿಗೆ ಅಷ್ಟಾಗಿ ತಿಳಿಯದಿದ್ದರೂ, ಠೇವಣಿಯ ಬಡ್ಡಿ ದರ ನೋಡಲು ಬರುವ ವಯಸ್ಸಾದ ಸದಸ್ಯರಿಗೆ ಅದು ಓದಲು ಆಗುವುದಕ್ಕೂ ಆಗದಿರುವುದಕ್ಕೂ ಇರುವ ಅಂತರ.

ಬಡ್ಡಿ ದರದ ಕೋಷ್ಟಕಕ್ಕೆ ಶೀರ್ಷಿಕೆ ಕೋಶಗಳನ್ನು ಕೊಟ್ಟಿದ್ದರಿಂದ ‘7.5’ ಎಂಬ ಬರಿಯ ಅಂಕಿಯ ಬದಲು ಅವಧಿ, ವರ್ಗ, ದರ ಕೂಡಿ ಕೇಳಿಸುತ್ತವೆ. ಮೌಸ್ ಬಳಸಲಾಗದವರಿಗಾಗಿ ಟ್ಯಾಬ್ ಕೀಲಿ ಎಲ್ಲಿ ನಿಂತಿದೆಯೆಂದು ತೋರಿಸುವ ದಪ್ಪ ಚೌಕಟ್ಟನ್ನು ಮರಳಿ ತಂದೆ; ಅಂದ ಕೆಡುತ್ತದೆಂದು ಅದನ್ನು ಅಳಿಸುವ ಅಭ್ಯಾಸ ನಿಲ್ಲಲೇಬೇಕು. ತಾನೇ ಜಾರುವ ಚಿತ್ರಪಟ್ಟಿಗೆ ನಿಲ್ಲಿಸುವ ಬಟನ್, ಅರ್ಜಿ ನಮೂನೆಯ ಪ್ರತಿ ಖಾನೆಗೆ ಅಳಿಯದ ಹೆಸರು, ಕನಿಷ್ಠ 24 ಪಿಕ್ಸೆಲ್ ಅಗಲ-ಎತ್ತರದ ಗುಂಡಿಗಳು ಇವು ಸಲೀಸಾಗಿ ಆದ ಕೆಲಸಗಳು.

ಗಾಲಿಕುರ್ಚಿಯ ಚಿತ್ರವಿರುವ ಸಿದ್ಧ ವಿಜೆಟ್ (ಪುಟಕ್ಕೆ ಅಂಟಿಸುವ ಪುಟ್ಟ ಉಪಕರಣ) ಹಾಕಿದರೆ ಸಾಲದೇ ಎಂದು ಕೆಲವು ಗ್ರಾಹಕರು ಕೇಳುತ್ತಾರೆ. ಅದು ಅಕ್ಷರ ಹಿಗ್ಗಿಸಬಹುದು, ಬಣ್ಣ ಬದಲಿಸಬಹುದು. ಹಳೆಯ ಫಾಂಟಿನ ಪಠ್ಯವನ್ನು ಓದಿಸಲಾರದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಮಾಹಿತಿ ತಂತ್ರಜ್ಞಾನಕ್ಕೂ ಅನ್ವಯಿಸುತ್ತದೆಂಬುದನ್ನು ಅವರ ಗಮನಕ್ಕೆ ತರುತ್ತೇನೆ. ಈ ಕೆಲಸಕ್ಕೆ ದರಪಟ್ಟಿಯಲ್ಲಿ ಬೇರೆ ಸಾಲು ಇಡುವುದಿಲ್ಲ, ಏಕೆಂದರೆ ಬೇರೆ ಸಾಲಿಟ್ಟರೆ ಚೌಕಾಸಿಯಲ್ಲಿ ಮೊದಲು ಹೊಡೆದುಹಾಕುವುದು ಅದನ್ನೇ. ಸದ್ಯ ಉಳಿದಿರುವುದು ಸಂಘಗಳ ಸ್ಕ್ಯಾನ್ ಮಾಡಿದ ಬೈಲಾಗಳು. ಅವುಗಳನ್ನು ಹೊಸದಾಗಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಶೀರ್ಷಿಕೆಗಳ ಸಹಿತ ಪುಟಗಳಾಗಿಯೇ ಸೇರಿಸುತ್ತಿದ್ದೇನೆ.