ಕೊಬ್ಬರಿ ಚಿಪ್ಪಿನ ಕಾರ್ಬನ್, ಪಾವಗಡದ ಬೋರ್ ನೀರು

ತಿಪಟೂರಿನ ಕಡೆ ಕೊಬ್ಬರಿ ಸುಲಿದ ಮೇಲೆ ಚಿಪ್ಪಿನ ರಾಶಿ ಬೀಳುತ್ತದೆ. ನಮ್ಮ ಮನೆಯಲ್ಲಿ ಅದೆಲ್ಲ ಹಂಡೆ ಒಲೆಗೆ ಹೋಗುತ್ತಿತ್ತು. ಪಿಎಚ್‌ಡಿಗೆ ಸೇರಿದಾಗ, ನೀರು ಶುದ್ಧ ಮಾಡುವ ಇದ್ದಿಲು, ಅಂದರೆ ಕಾರ್ಬನ್ ತಯಾರಿಸಲು ಅದೇ ಚಿಪ್ಪನ್ನು ಚೀಲಕ್ಕೆ ತುಂಬಿಕೊಂಡು ಲ್ಯಾಬ್‌ಗೆ ಹೋದೆ.

ಚಿಪ್ಪು ಕುಟ್ಟಿ, ಜರಡಿ ಹಿಡಿದು, ಫಾಸ್ಫಾರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸುತ್ತಿದ್ದೆ. ಆಮೇಲೆ ಫರ್ನೇಸ್‌ನಲ್ಲಿ ನೈಟ್ರೋಜನ್ ಹರಿಸುತ್ತಾ 500 ಡಿಗ್ರಿಗೆ ಕಾಯಿಸಬೇಕು. ಗಾಳಿ ಸೇರಿದರೆ ಕಾರ್ಬನ್ ಉರಿದು ಬೂದಿಯಾಗುತ್ತದೆ. ಜಾಸ್ತಿ ಹೊತ್ತು ಹಿಡಿಯುವುದು ತೊಳೆಯುವ ಕೆಲಸ. ಆಮ್ಲ ಪೂರ್ತಿ ಹೋಗುವವರೆಗೆ ಬಿಸಿನೀರು ಹಾಕುತ್ತಲೇ ಇರಬೇಕು. ನನಗೆ ಒಂದು ಬ್ಯಾಚಿಗೆ ಎರಡು ದಿನ ಬೇಕಾಗುತ್ತಿತ್ತು.

ಪುಡಿಯ ಸಣ್ಣ ರಂಧ್ರಗಳ ಒಳಮೈಯನ್ನೂ ಲೆಕ್ಕಕ್ಕೆ ಹಿಡಿಯುವ ಬಿಇಟಿ ವಿಧಾನದಲ್ಲಿ ಅಳೆದಾಗ ಒಂದು ಗ್ರಾಂ ಕಾರ್ಬನ್ನಿಗೆ ಸುಮಾರು 1,000 ಚದರ ಮೀಟರ್ ಮೇಲ್ಮೈ ಬಂತು. ಅಂದರೆ ಹೆಚ್ಚೂಕಡಿಮೆ 10 ಗುಂಟೆ ಜಾಗ, ಒಂದು ಚಿಟಿಕೆ ಪುಡಿಯೊಳಗೆ! ಮೆಥಿಲೀನ್ ಬ್ಲೂ ಬಣ್ಣದ ನೀರಿಗೆ ಹಾಕಿದರೆ ನೋಡನೋಡುತ್ತಿದ್ದಂತೆ ನೀಲಿ ಮಾಯ. ಇದರಿಂದ ಫ್ಲೋರೈಡನ್ನೂ ತೆಗೆಯಬಹುದು ಅಂದುಕೊಂಡೆ. ಪಾವಗಡದಲ್ಲಿ ಬೋರ್ ನೀರಿನ ಫ್ಲೋರೈಡಿನಿಂದ ನಮ್ಮ ನೆಂಟರ ಮಕ್ಕಳ ಹಲ್ಲಿನ ಮೇಲೆ ಬಂದ ಕಂದು ಕಲೆ ಚಿಕ್ಕಂದಿನಿಂದ ನೋಡಿದ್ದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪುತ್ತಾರೆ.

ಕಾರ್ಬನ್ ಫ್ಲೋರೈಡನ್ನು ಮುಟ್ಟಲೇ ಇಲ್ಲ. ಕಾರಣ ಆಮೇಲೆ ಹೊಳೆಯಿತು. ಆಮ್ಲದಲ್ಲಿ ತಯಾರಾದ ಈ ಕಾರ್ಬನ್ನಿನ ಮೇಲ್ಮೈಗೆ ನೀರಿನಲ್ಲಿ ಋಣ ವಿದ್ಯುದಂಶ ಇರುತ್ತದೆ. ಧನ ಅಂಶದ ಮೆಥಿಲೀನ್ ಬ್ಲೂವನ್ನು ಅದು ಎಳೆದುಕೊಳ್ಳುತ್ತದೆ. ಫ್ಲೋರೈಡ್ ಕೂಡ ಋಣ, ಹಾಗಾಗಿ ದೂರ ತಳ್ಳುತ್ತದೆ. ಬಣ್ಣ ಹಿಡಿದ ಗುಣವೇ ಇಲ್ಲಿ ಅಡ್ಡ ಬಂತು.

ಹಾಗಾಗಿ ಕಾರ್ಬನ್ನಿನ ಮೇಲೆ ಫ್ಲೋರೈಡನ್ನು ಹಿಡಿಯುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೂರಿಸಿದೆ. ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಪ್ರಯೋಗ ಮಾಡಿದಾಗ ಲೀಟರಿಗೆ 5 ಮಿಲಿಗ್ರಾಂ ಇದ್ದ ಫ್ಲೋರೈಡ್ 1ಕ್ಕಿಂತ ಕೆಳಗಿಳಿಯಿತು. ಗ್ರಾಫ್ ಹಿಡಿದುಕೊಂಡು ಗೈಡ್ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಮಾತು. "ಆ ನೀರಲ್ಲಿ ಅಲ್ಯೂಮಿನಿಯಂ ಎಷ್ಟಿದೆ, ನೋಡಿದ್ಯೇನಮ್ಮಾ?"

ನೋಡಿರಲಿಲ್ಲ. ಕಾರ್ಬನ್ನಿಂದ ಬಿಟ್ಟುಕೊಂಡ ಅಲ್ಯೂಮಿನಿಯಂ ನೀರಿನಲ್ಲೇ ಫ್ಲೋರೈಡಿಗೆ ಅಂಟಿಕೊಂಡಿತ್ತು. ನಾನು ಅಳೆಯಲು ಬಳಸುತ್ತಿದ್ದ ಎಲೆಕ್ಟ್ರೋಡ್, ಯಾವುದಕ್ಕೂ ಅಂಟದ ಬಿಡಿ ಫ್ಲೋರೈಡನ್ನು ಮಾತ್ರ ಎಣಿಸುತ್ತದೆ. ಅಂದರೆ ಅದರಲ್ಲಿ ಒಂದು ಪಾಲು ಫ್ಲೋರೈಡ್ ಹೋಗಿರಲೇ ಇಲ್ಲ, ಎಣಿಕೆಗೆ ಸಿಕ್ಕಿರಲಿಲ್ಲ ಅಷ್ಟೇ. ಅಲ್ಯೂಮಿನಿಯಮ್ಮಿನ ಹಿಡಿತ ಬಿಡಿಸುವ ಬಫರ್ ದ್ರಾವಣ ಹಾಕಿ ಎಲ್ಲ ರೀಡಿಂಗ್‌ಗಳನ್ನೂ ಮೊದಲಿಂದ ತೆಗೆದೆ. ಏಳು ತಿಂಗಳು ಹಿಡಿಯಿತು. ಆ ಫಲಿತಾಂಶವನ್ನು ಹಾಗೇ ಬಿಟ್ಟಿದ್ದರೆ ನಮ್ಮ ಮಕ್ಕಳಿಗೇ ಅಲ್ಯೂಮಿನಿಯಂ ನೀರು ಕುಡಿಸಿದಂತಾಗುತ್ತಿತ್ತು, ಅಲ್ವಾ? ಇವತ್ತಿಗೂ ಅದನ್ನು ನೆನೆದರೆ ಮೈ ಬೆವರುತ್ತದೆ.

ಆಮೇಲೆ ಪಾವಗಡದಿಂದ ಒಂದು ಕ್ಯಾನ್ ಬೋರ್ ನೀರು ತರಿಸಿದೆ. ಅದರಲ್ಲಿ ಬೈಕಾರ್ಬನೇಟ್ ಲವಣ ಜಾಸ್ತಿ, ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 8ರ ಮೇಲೆ, ಅಂದರೆ ಕ್ಷಾರದ ಕಡೆಗೆ. ಕಾರ್ಬನ್ನಿನ ಹಿಡಿತ ಅರ್ಧಕ್ಕಿಂತ ಕಡಿಮೆಯಾಯಿತು. ಪಿಎಚ್ ಅನ್ನು 6ರ ಹತ್ತಿರ ತಂದರೆ ಸುಧಾರಿಸುತ್ತದೆ. ಆದರೆ ದಿನಾ ಆಮ್ಲ ಅಳೆದು ಹಾಕಿ ಎಂದು ಹಳ್ಳಿಯ ಮನೆಯವರಿಗೆ ಹೇಳಲಾದೀತೇ? ಅದಕ್ಕೇ ಅಲ್ಯೂಮಿನಿಯಮ್ಮನ್ನು ಗಟ್ಟಿಯಾಗಿ ಕೂರಿಸುವುದರ ಮೇಲೆ, ಕಾರ್ಬನ್ನನ್ನು ಮತ್ತೆ ಮತ್ತೆ ಬಳಸುವುದರ ಮೇಲೆ ಗಮನ ಇಟ್ಟೆ.

ಈಗ ನನ್ನ ಲ್ಯಾಬಿನಲ್ಲಿ ಹೊಸ ಕಾರ್ಬನ್ ಬಂದರೆ ಮೊದಲ ಪ್ರಯೋಗವೇ ಬೋರ್ ನೀರಿನಲ್ಲಿ. ಕ್ಯಾನುಗಳು ಪ್ಲಾಸ್ಟಿಕ್ಕಿನವೇ ಆಗಿರಬೇಕು, ಫ್ಲೋರೈಡಿಗೆ ಗಾಜು ಆಗಿಬರುವುದಿಲ್ಲ. ನನ್ನ ತಲೆ ತಿನ್ನುತ್ತಿರುವುದು ಬಳಸಿ ಮುಗಿದ ಕಾರ್ಬನ್. ಅದನ್ನು ಕೆರೆ ಪಕ್ಕ ಸುರಿದರೆ ಹಿಡಿದ ಫ್ಲೋರೈಡ್ ಮತ್ತೆ ನೀರಿಗೇ ಬರುತ್ತದೆ. ಸಿಮೆಂಟ್ ಇಟ್ಟಿಗೆಯೊಳಗೆ ಸೇರಿಸಿ, ಮಳೆಗೆ ಎಷ್ಟು ಬಿಡುತ್ತದೆ ಎಂದು ಅಳೆಯುತ್ತಿದ್ದೇವೆ.