ಬಂಡೆ ಮೇಲೆ ಸಿಕ್ಕಿಕೊಂಡವರನ್ನು ಇಳಿಸುವ ಕೆಲಸ

ಬೆಂಗಳೂರಿನ ಸುತ್ತಲಿನ ಬೆಟ್ಟಗಳಿಂದ ಸ್ವಯಂಸೇವಕ ರಕ್ಷಣಾ ತಂಡದವರಾದ ನಮಗೆ ಬರುವ ಕರೆಗಳಲ್ಲಿ ಬಿದ್ದು ಪೆಟ್ಟಾದವರಿಗಿಂತ, ಹತ್ತಲೂ ಆಗದೆ ಇಳಿಯಲೂ ಆಗದೆ ಕೂತುಬಿಟ್ಟವರದ್ದೇ ಜಾಸ್ತಿ. ಸಾವನದುರ್ಗದಲ್ಲಿ ಇದು ನಡೆಯುವ ರೀತಿ ಹೀಗೆ: ತುದಿಯ ನಂದಿ ಮಂಟಪದಿಂದ ಇಳಿಯುವಾಗ ಬಣ್ಣದ ಬಾಣಗಳ ಜಾಡು ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಬಂಡೆ ಗುಂಡಗೆ ಬಾಗಿರುವುದರಿಂದ ಮೇಲಿನಿಂದ ಇಳಿಜಾರು ಸಲೀಸಾಗಿ ಕಾಣುತ್ತದೆ, ಇಳಿದಷ್ಟೂ ಕಡಿದು. ತಿರುಗಿ ಹತ್ತೋಣ ಎನ್ನುವ ಹೊತ್ತಿಗೆ ಕಾಲು ನಡುಗಲು ಶುರು. ನೀರು ಹರಿದ ಕಪ್ಪು ಪಟ್ಟೆಗಳ ಮೇಲೆ ಮಳೆ ಬಿದ್ದರಂತೂ ಯಾವ ಶೂ ಕೂಡ ಹಿಡಿಯುವುದಿಲ್ಲ.

ಕರೆ ಬಂದ ಕೂಡಲೇ ಹಗ್ಗ ಹುಡುಕುವುದಲ್ಲ, ಫೋನಿನಲ್ಲಿ ಕೆಲಸ ಶುರು. "ಇದ್ದಲ್ಲೇ ಕೂತ್ಕೊಳ್ಳಿ, ಶೂ ಬಿಚ್ಚಬೇಡಿ, ಬೇರೆ ಯಾರಿಗೂ ಫೋನ್ ಮಾಡಬೇಡಿ." ಬ್ಯಾಟರಿ ಉಳಿಯಬೇಕು, ಹಾಗಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ನಾವೇ ಮಾಡುತ್ತೇವೆ. 112ಕ್ಕೆ ತಿಳಿಸಿದ್ದಾರಾ ಎಂದು ಕೇಳಿ, ಇಲ್ಲದಿದ್ದರೆ ನಾವೇ ತಿಳಿಸುತ್ತೇವೆ. ಪೊಲೀಸರಿಗೂ ಅರಣ್ಯ ಇಲಾಖೆಗೂ ಗೊತ್ತಿಲ್ಲದೆ ಸ್ವಯಂಸೇವಕರು ಬೆಟ್ಟ ಹತ್ತಬಾರದು. ಲೊಕೇಶನ್ ಕಳಿಸಿದರೂ ಅದನ್ನೇ ನಂಬುವಂತಿಲ್ಲ. ಬಂಡೆಗೋಡೆ ಅರ್ಧ ಆಕಾಶವನ್ನು ಮುಚ್ಚಿದ್ದರೆ ನಕ್ಷೆಯ ಮೇಲಿನ ಚುಕ್ಕಿ ಹತ್ತಾರು ಮೀಟರ್ ಆಚೆ ಬೀಳುತ್ತದೆ, ಮೇಲಾಗಿ ಆ ಚುಕ್ಕಿ ಎತ್ತರ ಹೇಳುವುದಿಲ್ಲ. ಆದ್ದರಿಂದ ಕೇಳುವುದು: ಮಂಚನಬೆಲೆ ಜಲಾಶಯದ ನೀರು ಕಾಣುತ್ತಾ? ಬಿಸಿಲು ಮುಖಕ್ಕೋ ಬೆನ್ನಿಗೋ? ಕಾಲಿನ ಕೆಳಗೆ ಮರಗಳ ತಲೆ ಕಾಣುತ್ತಾ, ಬರೀ ಬಂಡೆಯಾ? ಇಂಥ ನಾಲ್ಕು ಉತ್ತರ ಸಿಕ್ಕರೆ ಬೆಟ್ಟದ ಯಾವ ಮೈ ಎಂಬುದು ಗೊತ್ತಾಗುತ್ತದೆ. ಹತ್ತಿರ ಹೋದ ಮೇಲೆ ಸೀಟಿ: ಸಿಕ್ಕಿಕೊಂಡವರು ನಿಮಿಷಕ್ಕೆ ಆರು ಸಲ, ನಾವು ಮೂರು ಸಲ.

ಸಾವನದುರ್ಗ ನಗರದಿಂದ ಸುಮಾರು 60 ಕಿ.ಮೀ. ದೂರವಾದರೂ ಭಾನುವಾರ ಮಾಗಡಿ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು. ಅದಕ್ಕೇ ಸಾಮಾನನ್ನು ಎರಡು ಗಾಡಿಗೆ ಹಂಚುವಾಗ ಹಗ್ಗವೆಲ್ಲ ಒಂದರಲ್ಲಿ, ಕಬ್ಬಿಣವೆಲ್ಲ ಇನ್ನೊಂದರಲ್ಲಿ ಎಂದು ಮಾಡಬಾರದು. ಯಾವ ಗಾಡಿ ಮೊದಲು ಮುಟ್ಟಿದರೂ ಅದೊಂದರಿಂದಲೇ ಒಬ್ಬರನ್ನು ಇಳಿಸಲು ಆಗಬೇಕು: 11 ಮಿ.ಮೀ. ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ) ಹಗ್ಗ 100 ಮೀಟರಿನ ಎರಡು, ಟೇಪ್ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ), ಲಾಕ್ ಇರುವ ಕ್ಯಾರಬೈನರ್ (ಲೋಹದ ಕೊಂಡಿ), ಪುಲ್ಲಿ, ಪ್ರೂಸಿಕ್‌ಗೆ (ಭಾರ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಹಿಡಿಯುವ ಗಂಟು) 8 ಮಿ.ಮೀ. ದಾರ, ಹೆಲ್ಮೆಟ್, ತ್ರಿಕೋನ ಹಾರ್ನೆಸ್ (ಕಾಲು ತೂರಿಸದೆ ಮೈಗೆ ಸುತ್ತಿ ಕಟ್ಟುವಂಥದ್ದು), ಹಳೆಯ ಫೈರ್ ಹೋಸ್ ತುಂಡು. ಒಂದು ಹಗ್ಗವೇ ಏಳೆಂಟು ಕಿಲೋ ತೂಗುತ್ತದೆ. ಕ್ಲೈಂಬಿಂಗ್‌ನ ಡೈನಮಿಕ್ ಹಗ್ಗ ಇಲ್ಲಿ ಬೇಡ. ಇಬ್ಬರ ಭಾರಕ್ಕೆ ಅದು ಹಿಗ್ಗಿ ಕುಗ್ಗುತ್ತಾ ಬಂಡೆಯ ಅಂಚಿಗೆ ಉಜ್ಜಿಕೊಳ್ಳುತ್ತದೆ. ಗ್ರಾನೈಟಿನ ಹರಳು ಹಗ್ಗವನ್ನು ಅರದಂತೆ ತಿನ್ನುತ್ತದೆ. ಫೈರ್ ಹೋಸ್ ಇರುವುದು ಆ ಅಂಚಿಗೆ ಹಾಸಲಿಕ್ಕೆ.

ಆಂಕರ್, ಅಂದರೆ ಹಗ್ಗಕ್ಕೆ ಆಧಾರ, ಕಟ್ಟುವ ಹಂತದಲ್ಲಿ ಅವಸರ ಕೂಡದು. ಗುಂಡು ಬಂಡೆಗೆ ಸ್ಲಿಂಗ್ ಸುತ್ತುವ ಮೊದಲು ಅದು ಬುಡಕ್ಕೆ ಅಂಟಿಕೊಂಡಿದೆಯೋ ಸುಮ್ಮನೆ ಕೂತಿದೆಯೋ ಎಂದು ಅಲುಗಾಡಿಸಿ ನೋಡಿ. ಪದರವಾಗಿ ಎದ್ದ ಚಕ್ಕೆಯನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅದನ್ನು ಬಿಡಿ. ಯಾರೋ ಹೊಡೆದ ಹಳೆಯ ಬೋಲ್ಟ್ ಎಷ್ಟೇ ಗಟ್ಟಿ ಕಂಡರೂ ಒಂದಕ್ಕೇ ಜೀವ ಕಟ್ಟಬಾರದು. ಮೂರು ಕಡೆಯಿಂದ ಹಿಡಿಸಿ, ಅವುಗಳ ನಡುವಿನ ಕೋನ 60 ಡಿಗ್ರಿ ಒಳಗಿರಲಿ. ಎರಡು ಆಂಕರ್‌ಗಳ ನಡುವೆ 120 ಡಿಗ್ರಿ ಆಯಿತೆಂದರೆ ಒಂದೊಂದಕ್ಕೂ ಪೂರ್ತಿ ಭಾರವೇ ಬೀಳುತ್ತದೆ, ಹಂಚಿದ್ದು ದಂಡ.

ಇಳಿಯುವವರು ಸಿಕ್ಕಿಕೊಂಡವರ ನೇರ ತಲೆಯ ಮೇಲೆ ಬರಬಾರದು. ಒಂದೆರಡು ಮೀಟರ್ ಪಕ್ಕದಿಂದ, ಮಾತಾಡಿಸುತ್ತಾ ಬರಬೇಕು. ಕಲ್ಲು ಬೀಳುವುದು ಒಂದು ಕಾರಣ. ಗಾಬರಿಯಲ್ಲಿ ಅವರು ನಿಮ್ಮ ಕಾಲನ್ನೇ ತಬ್ಬಿಕೊಳ್ಳುವುದು ಇನ್ನೊಂದು, ಅದೇ ಹೆಚ್ಚು ಅಪಾಯ. ತಲುಪಿದ ತಕ್ಷಣ ಸ್ಲಿಂಗ್ ಹಾಕಿ ನಿಮ್ಮ ಹಾರ್ನೆಸ್‌ಗೆ ಕಟ್ಟಿಕೊಳ್ಳಿ, ಆಮೇಲೆ ಹೆಲ್ಮೆಟ್, ಆಮೇಲೆ ತ್ರಿಕೋನ ಹಾರ್ನೆಸ್. ಕಾಲು ತೂರಿಸುವ ಹಾರ್ನೆಸ್ ಅಲ್ಲಿ ತೊಡಿಸಲು ಹೋದರೆ ಒಂಟಿಕಾಲಲ್ಲಿ ನಿಲ್ಲಿಸಬೇಕಾಗುತ್ತದೆ. ಪ್ರಜ್ಞೆ ಇದ್ದು, ತಲೆಗೆ ಹೊಟ್ಟೆಗೆ ಪೆಟ್ಟಿಲ್ಲದಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಬಹುದು.

ಎಳೆಯುವುದಕ್ಕಿಂತ ಇಳಿಸುವುದು ಸುಲಭ. ಇಬ್ಬರೆಂದರೆ 150 ಕಿಲೋ ಮೇಲೆ. ಎಳೆಯುವ ಬಲವನ್ನು ಮೂರನೇ ಒಂದಕ್ಕೆ ಇಳಿಸುವ 3:1 ಪುಲ್ಲಿ ಕಟ್ಟಿದರೂ ಉಜ್ಜುವಿಕೆಯಲ್ಲಿ ಒಂದಷ್ಟು ಶಕ್ತಿ ಸೋರಿಹೋಗುತ್ತದೆ. ಇಳಿಸುವಾಗ ಡಿಸೆಂಡರ್ (ಹಗ್ಗಕ್ಕೆ ತಡೆ ಹಾಕುವ ಸಾಧನ) ಸಾಲದೆ ಹಗ್ಗ ಜಾರಿದರೆ ಇನ್ನೊಂದು ಕ್ಯಾರಬೈನರ್ ಮೂಲಕ ಹಾಯಿಸಿ ಹಿಡಿತ ಹೆಚ್ಚಿಸಿ. ಮೊದಲನೆಯದು ಕೈಕೊಟ್ಟರೆ ಹಿಡಿಯುವ ಎರಡನೇ ಹಗ್ಗ ಬೇರೆ ಆಂಕರ್‌ನಲ್ಲಿ, ಬೇರೆಯವರ ಕೈಯಲ್ಲಿ. ಆದರೆ ಹಗ್ಗ ಮುಗಿಯುವ ಜಾಗಕ್ಕೂ ನೆಲಕ್ಕೂ ಬಂಡೆ ಬಾಕಿಯಿದ್ದರೆ, ಇಲ್ಲವೇ ಮೇಲಿನ ಜಾಡು ಹತ್ತು ಮೀಟರಿನಲ್ಲೇ ಇದ್ದರೆ ಎಳೆಯುವುದೇ ಸರಿ.

ಹಗ್ಗ ಬಿಡುವ ಸಾಲಿನಲ್ಲಿ ಹೆಜ್ಜೇನು ಇದೆಯೇ ಎಂದು ಮೊದಲೇ ಬೈನಾಕ್ಯುಲರ್‌ನಲ್ಲಿ ನೋಡಬೇಕು, ಇದ್ದರೆ ಸಾಲನ್ನೇ ಬದಲಿಸಬೇಕು. ರಾತ್ರಿ ಹೆಡ್‌ಲ್ಯಾಂಪಿನ ಬೆಳಕಿಗೂ ಅವು ಎದ್ದು ಬರುತ್ತವೆ.

ಹೆಲಿಕಾಪ್ಟರ್ ಕರೆಸಿ ಎನ್ನುವವರಿಗೆ ಕೊರತೆಯಿಲ್ಲ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಕಡೆ ಬಿದ್ದ ಯುವಕನನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಎತ್ತಿದ್ದು ನಿಜ. ಅದು ಜಿಲ್ಲಾಡಳಿತ ಕೇಳಿ ಬಂದದ್ದು, ನಾವು ಫೋನ್ ಮಾಡಿದರೆ ಬರುವಂಥದ್ದಲ್ಲ. ನಡೆಯಲಾಗದವರಿದ್ದರೆ ಸ್ಟ್ರೆಚರೇ ಗತಿ, ಒಂದು ಸರದಿಗೆ ಆರು ಜನ, ಜಾಡು ಉದ್ದವಿದ್ದರೆ ಮೂರು ಸರದಿ ಬೇಕು. ಊರಿನವರನ್ನು ಮೊದಲೇ ಕೇಳಿಕೊಂಡಿದ್ದರೆ ಹದಿನೆಂಟು ಜನ ಸಿಗುತ್ತಾರೆ.

ಮನೆಗೆ ಬಂದ ಮೇಲೆ ಹಗ್ಗವನ್ನು ಇಡೀ ಉದ್ದಕ್ಕೂ ಬೆರಳ ಸಂದಿಯಲ್ಲಿ ಎಳೆದು ನೋಡಬೇಕು. ಮೆತ್ತಗೆ ಚಪ್ಪಟೆಯಾದ ಕಡೆ, ತಿರುಳು ಇಣುಕುವ ಕಡೆ ಅಲ್ಲೇ ಕತ್ತರಿಸಿ ಎರಡು ಚಿಕ್ಕ ಹಗ್ಗ ಮಾಡಿ, ಹೊಸ ಉದ್ದವನ್ನು ತುದಿಯ ಟೇಪಿನ ಮೇಲೆ ಬರೆದಿಡಿ.